ಎರಡು ಸೆಕೆಂಡಿನ ಸದ್ದಿನಿಂದ ಇಡೀ ಹಾಡು: ಹಿಪ್-ಹಾಪ್ ಸ್ಯಾಂಪ್ಲಿಂಗ್ ಮತ್ತು ರೀಮಿಕ್ಸ್ ಕೇಳೋದು, ಮಾಡೋದು ಹೇಗೆ?

ಹಿಪ್-ಹಾಪ್ ಹುಚ್ಚು ಹಿಡಿದು ಎಷ್ಟೋ ವರ್ಷವಾದರೂ ಸ್ಯಾಂಪಲ್ ಅಂದರೇನು ಅಂತ ನನಗೆ ಗೊತ್ತಿರಲಿಲ್ಲ. ರ‍್ಯಾಪರ್ ಮಾತಿನ ಹಿಂದೆ ಬರುವ ಪಿಯಾನೋ, ಕಹಳೆ, ಯಾರೋ ಹೆಣ್ಣುಮಗಳು ಎಳೆದು ಬಿಡುವ ಒಂದು 'ಊ', ಇದನ್ನೆಲ್ಲ ಆ ಹಾಡಿಗಾಗಿಯೇ ಕೂತು ನುಡಿಸಿದ್ದಾರೆ ಅಂದುಕೊಂಡಿದ್ದೆ. ಆಮೇಲೊಂದು ದಿನ ಸ್ಯಾಕ್ಸೋಫೋನ್ ವಾದಕ ಟಾಮ್ ಸ್ಕಾಟ್ ಅವರ 1967ರ 'ಟುಡೇ' ಕಿವಿಗೆ ಬಿತ್ತು. ಹಿನ್ನೆಲೆಯಲ್ಲಿ ಸುಮ್ನೆ ಓಡ್ತಾ ಇತ್ತು. ನಡುವೆ ಸ್ಯಾಕ್ಸೋಫೋನ್ ಒಂದು ಸಲ ಏರಿ ಇಳಿಯಿತು ನೋಡಿ, ಎದ್ದು ಕೂತೆ. ಸಂಗೀತ ಕಟ್ಟುವ ಪೀಟ್ ರಾಕ್ ಮತ್ತು ರ‍್ಯಾಪರ್ ಸಿ.ಎಲ್. ಸ್ಮೂತ್, ತೀರಿಹೋದ ಗೆಳೆಯನ ನೆನಪಿಗೆ 1992ರಲ್ಲಿ ಮಾಡಿದ 'ದೇ ರೆಮಿನಿಸ್ ಓವರ್ ಯೂ' ಹಾಡಿನಲ್ಲಿ ನಾನು ನೂರಾರು ಸಲ ಕೇಳಿದ್ದ ಅದೇ ಸ್ಯಾಕ್ಸೋಫೋನ್! ಮೂಲದಲ್ಲಿ ಅದು ಹೀಗೆ ಬಂದು ಹಾಗೆ ಹೋಗುತ್ತದೆ. ಪೀಟ್ ರಾಕ್ ಕೈಗೆ ಸಿಕ್ಕ ಮೇಲೆ ಅದೇ ಹಾಡಿನ ಉಸಿರು.

ಆ ರೆಕಾರ್ಡನ್ನು ಎಷ್ಟೋ ಜನ ಕೇಳಿರುತ್ತಾರೆ. ಪೀಟ್ ರಾಕ್ ಕೇಳಿಸಿಕೊಂಡರು. ಸ್ಯಾಂಪ್ಲಿಂಗ್ ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳೋದು ಇದನ್ನೇ. ಮಷೀನು, ಸಾಫ್ಟ್‌ವೇರು ಎಲ್ಲ ಆಮೇಲೆ, ಕೆಲಸ ಶುರುವಾಗೋದು ಕಿವಿಯಲ್ಲಿ. ಅದಕ್ಕೇ ಈ ಮಾರ್ಗದರ್ಶಿಯ ಮೊದಲ ಭಾಗದಲ್ಲಿ ನೀವು ಏನನ್ನೂ ಮಾಡೋದಿಲ್ಲ, ಕೇಳ್ತೀರಿ ಅಷ್ಟೇ. ಅದನ್ನು ಹಾರಿಸಿ ನೇರವಾಗಿ ಕತ್ತರಿ ಹಿಡಿಯಬೇಡಿ. ನಾನು ಹಾಗೆ ಮಾಡಿ ಒಂದು ವರ್ಷ ಹಾಳುಮಾಡಿಕೊಂಡೆ.

ನಾನು ವೃತ್ತಿಯಿಂದ ಪ್ರೊಡ್ಯೂಸರ್ (ಹಾಡಿಗೆ ಸಂಗೀತ ಕಟ್ಟುವವನು) ಅಲ್ಲ, ಬರೀ ಅಭಿಮಾನಿ. ಇಲ್ಲಿರೋದು ಅಭಿಮಾನದಿಂದ ಕಲಿತದ್ದು.

ಬೇಕಾದ ಸಾಮಾನು

ಒಂದು ಒಳ್ಳೆಯ ಹೆಡ್‌ಫೋನ್. ಸದ್ದನ್ನು ರೆಕಾರ್ಡ್ ಮಾಡಿ, ಕತ್ತರಿಸಿ, ಪಿಚ್ (ಸ್ವರದ ಏರಿಳಿತ) ಬದಲಿಸಬಲ್ಲ ಯಾವುದಾದರೂ ಸಾಫ್ಟ್‌ವೇರ್. ಪುಕ್ಕಟೆಯದ್ದೂ ಸಾಕು. ಜೊತೆಗೆ ಒಂದು ನೋಟ್‌ಬುಕ್. ಬೆರಳಲ್ಲಿ ಬಾರಿಸುವ ಪ್ಯಾಡ್ ಇರುವ ಕಂಟ್ರೋಲರ್ ಇದ್ದರೆ ಕೈಗೆ ಖುಷಿ, ಇಲ್ಲದಿದ್ದರೆ ಕಂಪ್ಯೂಟರ್ ಕೀಲಿಗಳಲ್ಲೇ ನುಡಿಸಬಹುದು. ಇಷ್ಟೇ. ದುಬಾರಿ ಮಷೀನು ಕೊಂಡರೆ ಬೀಟ್ (ಮಾತಿನ ಹಿಂದೆ ಓಡುವ ಸಂಗೀತ) ತಾನಾಗಿ ಬರುತ್ತೆ ಅಂತ ಯಾರಾದರೂ ಹೇಳಿದರೆ ನಗಾಡಿ ಸುಮ್ಮನಾಗಿ.

ಕೆಲವು ಪದಗಳು ಮೊದಲೇ ಗೊತ್ತಿರಲಿ. ಹಳೆಯ ರೆಕಾರ್ಡಿಂಗ್‌ನಿಂದ ಎತ್ತಿಕೊಂಡ ತುಣುಕೇ ಸ್ಯಾಂಪಲ್. ಅದನ್ನು ಮತ್ತೆ ಮತ್ತೆ ಸುತ್ತಿಸಿದರೆ ಲೂಪ್. ಚೂರು ಚೂರು ಮಾಡಿ ಬೇರೆ ಕ್ರಮದಲ್ಲಿ ಜೋಡಿಸಿದರೆ ಚಾಪ್. ಮೂಲದ ಗುರುತೇ ಸಿಗದಷ್ಟು ಬೇರೆ ಭಾವಕ್ಕೆ ತಿರುಗಿಸಿದರೆ ಫ್ಲಿಪ್. ಇನ್ನು ಹಳೆಯ ರೆಕಾರ್ಡಿಂಗನ್ನು ಮುಟ್ಟದೆ ಅದೇ ರಾಗವನ್ನು ಹೊಸದಾಗಿ ನುಡಿಸಿದರೆ ಅದು ಇಂಟರ್‌ಪೊಲೇಷನ್. 1979ರ 'ರ‍್ಯಾಪರ್ಸ್ ಡಿಲೈಟ್' ಕೇಳಿದ್ದೀರಲ್ವಾ? ಅದರ ಬೇಸ್ (ಕೆಳದನಿಯ ಗಿಟಾರ್ ನಡೆ) ಶೀಕ್ ತಂಡದ 'ಗುಡ್ ಟೈಮ್ಸ್'ನದು, ಆದರೆ ಸ್ಟುಡಿಯೋದಲ್ಲಿ ಸಂಗೀತಗಾರರು ಮತ್ತೆ ನುಡಿಸಿದ್ದು. ಈ ವ್ಯತ್ಯಾಸ ಕೊನೆಯಲ್ಲಿ ಕಾನೂನಿನ ಮಾತು ಬಂದಾಗ ಬೇಕಾಗುತ್ತೆ.

ಹೆಜ್ಜೆ 1: ಬ್ರೇಕ್ ಎಲ್ಲಿದೆ ಅಂತ ಹಿಡಿಯಿರಿ

ಈ ಕಥೆ ಶುರುವಾಗೋದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. 1973ರ ಆಗಸ್ಟ್ 11, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ಅಪಾರ್ಟ್‌ಮೆಂಟ್ ಕಟ್ಟಡ. ಜಮೈಕಾದಿಂದ ಬಂದ ಹುಡುಗ ಕೂಲ್ ಹರ್ಕ್ ತನ್ನ ತಂಗಿ ಸಿಂಡಿ ಇಟ್ಟುಕೊಂಡ ಪಾರ್ಟಿಗೆ ರೆಕಾರ್ಡ್ ಹಾಕುತ್ತಿದ್ದ. ಇಂಥ ಪಾರ್ಟಿಗಳಲ್ಲಿ ಅವನು ಒಂದು ಸಂಗತಿ ಗಮನಿಸಿದ್ದ: ಹಾಡಿನಲ್ಲಿ ಉಳಿದ ವಾದ್ಯಗಳೆಲ್ಲ ನಿಂತು ಡ್ರಮ್ ಮಾತ್ರ ಉಳಿಯುವ ಆ ಕೆಲವು ಸೆಕೆಂಡು ಬಂದಾಗಲೇ ಕುಣಿಯುವವರು ಮೈ ಬಿಟ್ಟು ಕುಣಿಯುತ್ತಾರೆ. ಆ ಜಾಗಕ್ಕೇ ಬ್ರೇಕ್ ಅನ್ನೋದು. ಹಾಗಿದ್ದರೆ ಅದೊಂದನ್ನೇ ಯಾಕೆ ಉದ್ದ ಮಾಡಬಾರದು? ಒಂದೇ ರೆಕಾರ್ಡಿನ ಎರಡು ಪ್ರತಿ ಎರಡು ಟರ್ನ್‌ಟೇಬಲ್ ಮೇಲೆ. ಒಂದರಲ್ಲಿ ಬ್ರೇಕ್ ಮುಗಿಯುವಾಗ ಇನ್ನೊಂದರಲ್ಲಿ ಶುರು, ಅದು ಮುಗಿಯುವಷ್ಟರಲ್ಲಿ ಮೊದಲಿನದ್ದನ್ನು ಹಿಂದಕ್ಕೆ ತಿರುಗಿಸಿ ಸಿದ್ಧ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಇನ್ನೊಬ್ಬ ಡಿಜೆ ಇದನ್ನು ಇನ್ನೂ ನಿಖರ ಮಾಡಿದ. ರೆಕಾರ್ಡಿನ ಮೇಲೆ ಕ್ರೇಯಾನ್‌ನಿಂದ ಗೀಟು ಹಾಕಿ, ಎಷ್ಟು ಸುತ್ತು ಹಿಂದೆ ತಿರುಗಿಸಿದರೆ ಬ್ರೇಕ್ ಶುರುವಿಗೆ ಬರುತ್ತೆ ಅಂತ ಕಣ್ಣಲ್ಲೇ ಅಳೆಯುತ್ತಿದ್ದ. ಲೂಪ್ ಅನ್ನೋದು ಕೈಕೆಲಸವಾಗಿ ಹುಟ್ಟಿತು, ಮಷೀನು ಅದನ್ನು ಆಮೇಲೆ ಕಲಿತದ್ದು.

ಈಗ ನಿಮ್ಮ ಕೆಲಸ. ಎರಡು ಬ್ರೇಕ್ ಕೇಳಿ. ಮೊದಲನೆಯದು ಜೇಮ್ಸ್ ಬ್ರೌನ್ ಅವರ 1970ರ 'ಫಂಕಿ ಡ್ರಮ್ಮರ್'. ಪೂರ್ತಿ ಉದ್ದದ ಆವೃತ್ತಿಯಲ್ಲಿ ಐದು ನಿಮಿಷ ದಾಟಿದ ಮೇಲೆ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರೇ ಉಳಿಯುತ್ತಾರೆ. ಜೋರಾದ ಸ್ನೇರ್ (ಚಟ್ ಅನ್ನುವ ಡ್ರಮ್) ಏಟುಗಳನ್ನು ಬಿಡಿ, ಅವುಗಳ ನಡುವೆ ಕಡ್ಡಿಯಿಂದ ಸವರಿದ ಹಾಗೆ ಬರುವ ಸಣ್ಣ ಸಣ್ಣ ಏಟು ಕೇಳಿಸ್ತಾ? ಕುಣಿಸೋದು ಅದೇ. ಎರಡನೆಯದು ದಿ ವಿನ್‌ಸ್ಟನ್ಸ್ ತಂಡದ 1969ರ 'ಅಮೆನ್, ಬ್ರದರ್'. ಗ್ರೆಗರಿ ಕೋಲ್‌ಮನ್ ನುಡಿಸಿದ ನಾಲ್ಕು ಬಾರ್ (ನಾಲ್ಕು ಎಣಿಕೆಯ ಒಂದು ಸುತ್ತೇ ಬಾರ್), ಸುಮಾರು ಏಳು ಸೆಕೆಂಡು. ಮೊದಲ ಎರಡು ಬಾರ್ ನೇರ, ಮೂರನೆಯದರಿಂದ ಸ್ನೇರ್ ಇರಬೇಕಾದ ಜಾಗ ಬಿಟ್ಟು ಸರಿಯುತ್ತದೆ. ಸಾವಿರಾರು ಹಾಡುಗಳು ಇವೆರಡರ ಮೇಲೆ ನಿಂತಿವೆ.

ಹತ್ತು ಸಲ ಕೇಳಿ. ಬಾಯಲ್ಲೇ ಆ ತಾಳ ಹೇಳಲು ಬರುವ ತನಕ ಮುಂದಕ್ಕೆ ಹೋಗಬೇಡಿ.

ಹೆಜ್ಜೆ 2: ಹಳೆಯದು, ಹೊಸದು ಅಕ್ಕಪಕ್ಕ ಇಟ್ಟು ಕೇಳಿ

ನೀವು ತುಂಬ ಇಷ್ಟಪಡುವ ಒಂದು ಹಿಪ್-ಹಾಪ್ ಹಾಡು ಆರಿಸಿ. ಅದರಲ್ಲಿ ಸ್ಯಾಂಪಲ್ ಯಾವುದಿರಬಹುದು ಅಂತ ಮೊದಲು ನೀವೇ ಊಹಿಸಿ ಬರೆದಿಡಿ. ಆಮೇಲೆ ಯಾರು ಯಾವ ಹಾಡಿನಿಂದ ಎತ್ತಿದ್ದಾರೆ ಅಂತ ಪಟ್ಟಿ ಮಾಡುವ ಹೂಸ್ಯಾಂಪಲ್ಡ್ (WhoSampled) ಜಾಲತಾಣದಲ್ಲಿ ನೋಡಿ. ಉತ್ತರ ಮೊದಲೇ ನೋಡಿದರೆ ಕಿವಿ ಸೋಮಾರಿಯಾಗುತ್ತೆ.

ಎರಡನ್ನೂ ಒಂದಾದ ಮೇಲೆ ಒಂದು ಕೇಳುತ್ತ ಇವನ್ನು ಕೇಳಿಕೊಳ್ಳಿ. ಎಲ್ಲಿಂದ ಎತ್ತಿದ್ದಾರೆ, ಶುರುವಿನಿಂದಲೋ, ಹಾಡು ಮಸುಕಾಗಿ ಮುಗಿಯುವ ಜಾಗದಿಂದಲೋ? ವೇಗ ಹೆಚ್ಚಾಯಿತಾ, ಕಡಿಮೆಯಾಯಿತಾ? ಏನನ್ನು ಬಿಟ್ಟಿದ್ದಾರೆ? ಈ ಕೊನೆಯ ಪ್ರಶ್ನೆ ಮುಖ್ಯ. 2003ರ 'ಥ್ರೂ ದಿ ವೈರ್'ನಲ್ಲಿ ಕಾನ್ಯೆ ವೆಸ್ಟ್ ಮಾಡಿದ್ದು ಕೇಳಲು ತುಂಬ ಸುಲಭದ ಕೆಲಸ: ಚಾಕಾ ಖಾನ್ ಅವರ 'ಥ್ರೂ ದಿ ಫೈರ್' ದನಿಯನ್ನು ವೇಗ ಹೆಚ್ಚಿಸಿ ಅಳಿಲಿನ ದನಿಯಷ್ಟು ತೆಳ್ಳಗೆ ಮಾಡಿದ್ದು. ಆದರೆ ಕಾರು ಅಪಘಾತದಲ್ಲಿ ಮುರಿದ ದವಡೆಯನ್ನು ತಂತಿಯಿಂದ ಬಿಗಿದಿದ್ದಾಗಲೇ ಅವನು ಆ ಹಾಡು ಹೇಳಿದ್ದು ಅಂತ ಗೊತ್ತಾದ ಮೇಲೆ, ಒಂದು ಪದ ಬದಲಿಸಿ 'ಬೆಂಕಿ'ಯನ್ನು 'ತಂತಿ' ಮಾಡಿದ ಚೇಷ್ಟೆ ಅರ್ಥವಾಗುತ್ತೆ. ಒಳ್ಳೆಯ ಸ್ಯಾಂಪಲ್ ಹೀಗೆ ಹಳೆಯ ಹಾಡಿನ ಜೊತೆ ಮಾತಾಡುತ್ತೆ.

ಇಂಥ ಹತ್ತು ಜೋಡಿ ಕೇಳಿ ಬರೆದಿಡಿ. ಬೇಕಾದರೆ ಎರಡು ವಾರ ತಗೊಳ್ಳಿ.

ಹೆಜ್ಜೆ 3: ಸದ್ದಿನ ಬೇಟೆ

ರೆಕಾರ್ಡ್ ಅಂಗಡಿಯ ಧೂಳಿನ ಡಬ್ಬಗಳಲ್ಲಿ ಗಂಟೆಗಟ್ಟಲೆ ಕೈ ಹಾಕಿ ಹುಡುಕೋದಕ್ಕೆ ಹಿಪ್-ಹಾಪ್ ಜನ ಡಿಗ್ಗಿಂಗ್ ಅಂತಾರೆ. ಅದರಲ್ಲೊಂದು ಹಟವೂ ಇತ್ತು. 1986ರಿಂದ 1991ರ ನಡುವೆ 'ಅಲ್ಟಿಮೇಟ್ ಬ್ರೇಕ್ಸ್ ಆ್ಯಂಡ್ ಬೀಟ್ಸ್' ಅಂತ 25 ಸಂಪುಟಗಳು ಬಂದವು, ಹುಡುಕಿ ಹುಡುಕಿ ಸುಸ್ತಾಗಬೇಕಿದ್ದ ಬ್ರೇಕುಗಳೆಲ್ಲ ಒಂದೇ ಕಡೆ. ಎಷ್ಟೋ ಪ್ರೊಡ್ಯೂಸರ್‌ಗಳಿಗೆ ಅದೇ ಪಠ್ಯಪುಸ್ತಕವಾಯಿತು. ಬೇರೆಯವರು ಹುಡುಕಿಟ್ಟದ್ದನ್ನು ಎತ್ತೋದು ಅಡ್ಡದಾರಿ ಅಂತ ಮೂಗು ಮುರಿದವರೂ ಇದ್ದರು. ನಾನು ಯಾರ ಕಡೆ ಅಂದರೆ, ಕಲಿಯುವಾಗ ಸಿದ್ಧವಾದದ್ದನ್ನು ಬಳಸಿ, ತೋರಿಸಿಕೊಳ್ಳುವಾಗ ನೀವೇ ಹುಡುಕಿದ್ದನ್ನು ಬಳಸಿ.

ಏನನ್ನು ಹುಡುಕಬೇಕು? ಚೆನ್ನಾಗಿರುವ ಹಾಡನ್ನಲ್ಲ. ಇದು ನನಗೆ ತಡವಾಗಿ ಅರ್ಥವಾದ ಸಂಗತಿ. ಪೂರ್ತಿ ತುಂಬಿಕೊಂಡ, ಎಲ್ಲ ವಾದ್ಯ ಒಟ್ಟಿಗೆ ಮೊಳಗುವ ಹಾಡಿನಲ್ಲಿ ನಿಮಗೆ ಕಾಲಿಡಲು ಜಾಗ ಇರೋದಿಲ್ಲ. ಖಾಲಿ ಜಾಗ ಬೇಕು. ಹಾಡು ಶುರುವಾಗುವ ಮೊದಲ ಹತ್ತು ಸೆಕೆಂಡು, ಗಾಯಕರು ಉಸಿರು ತೆಗೆದುಕೊಳ್ಳುವ ಜಾಗ, ಒಂದು ಚರಣ ಮುಗಿದು ಇನ್ನೊಂದಕ್ಕೆ ದಾಟುವ ಸೇತುವೆ, ಕೊನೆಯಲ್ಲಿ ದನಿ ಇಳಿಯುವಾಗ ಯಾರೂ ಕೇಳೋದಿಲ್ಲ ಅಂತ ಪಿಯಾನೋ ನುಡಿಸುವವರು ಮಾಡುವ ಕೀಟಲೆ. ಅಲ್ಲೆಲ್ಲ ಕಿವಿ ಇಡಿ. ಪೂರ್ತಿ ನೀರಸವಾದ ಹಾಡಿನಲ್ಲೂ ಎರಡು ಸೆಕೆಂಡು ಬಂಗಾರ ಇರಬಹುದು.

ಇನ್ನೊಂದು ಉಪಾಯ. 1960ರ ದಶಕದ ಎಷ್ಟೋ ಸ್ಟೀರಿಯೋ ರೆಕಾರ್ಡುಗಳಲ್ಲಿ ವಾದ್ಯಗಳನ್ನು ಎಡಕ್ಕೊಂದು ಬಲಕ್ಕೊಂದು ಅಂತ ಪೂರ್ತಿ ಬೇರೆ ಮಾಡಿ ಇಡುತ್ತಿದ್ದರು. ಎಡ ಚಾನೆಲ್ ಮುಚ್ಚಿದರೆ ಹಾಡುವ ದನಿ ಮಾಯ, ಬಲ ಮುಚ್ಚಿದರೆ ಡ್ರಮ್ ಮಾಯ. ಸಾಫ್ಟ್‌ವೇರಿನಲ್ಲಿ ಒಂದೊಂದೇ ಚಾನೆಲ್ ಕೇಳಿ ನೋಡಿ. ಈಗ ಹಾಡನ್ನು ವಾದ್ಯವಾರು ಬಿಡಿಸಿಕೊಡುವ ಸಾಧನಗಳೂ ಇವೆ. ಆದರೆ ಬಿಡಿಸಿದ ಸದ್ದಿನ ಅಂಚಿನಲ್ಲಿ ನೀರೊಳಗಿಂದ ಬಂದ ಹಾಗೆ ಒಂದು ಕಲೆ ಉಳಿಯುತ್ತೆ, ಅದು ನನಗೆ ಅಷ್ಟಾಗಿ ಹಿಡಿಸೋಲ್ಲ.

ಕಲಿಕೆಗೆ ಮೊದಲು ತಂಟೆ ಇಲ್ಲದ ಸದ್ದು ಬಳಸಿ: ಗೆಳೆಯರು ನುಡಿಸಿದ ಗಿಟಾರ್, ನಿಮ್ಮದೇ ದನಿ, ಪರವಾನಗಿ ಸಮೇತ ಸಿಗುವ ಸಂಗ್ರಹಗಳು. ಅಮೆರಿಕದಲ್ಲಿ 1923ಕ್ಕಿಂತ ಮುಂಚೆ ಹೊರಬಂದ ಧ್ವನಿಮುದ್ರಣಗಳ ಹಕ್ಕು 2022ರ ಜನವರಿ 1ಕ್ಕೆ ಮುಗಿದಿದೆ. ಆ ಕಾಲದ ರೆಕಾರ್ಡಿನ ಚರಚರ ಸದ್ದೇ ಒಂದು ಮಸಾಲೆ.

ಹೆಜ್ಜೆ 4: ಕತ್ತರಿಸೋದು

ಎಲ್ಲರೂ ಎಡವೋದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ನಿಮಗೆ ಇಷ್ಟವಾದ ತುಣುಕಿನಲ್ಲಿ 'ಒಂದು' ಎಲ್ಲಿದೆ ಅಂತ ಮೊದಲು ಕಂಡುಹಿಡಿಯಿರಿ. ಕಾಲು ತಟ್ಟುತ್ತ ಒಂದು-ಎರಡು-ಮೂರು-ನಾಲ್ಕು ಎಣಿಸಿ. ಸಾಮಾನ್ಯವಾಗಿ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಬೀಳುವುದು ಒಂದರ ಮೇಲೆ, ಸ್ನೇರ್ ಎರಡು ಮತ್ತು ನಾಲ್ಕರ ಮೇಲೆ. ಆ 'ಒಂದರ' ಏಟು ಶುರುವಾಗುವ ಜಾಗಕ್ಕೆ ತೆರೆಯ ಮೇಲೆ ಕಾಣುವ ಸದ್ದಿನ ಅಲೆಯ ಚಿತ್ರವನ್ನು ದೊಡ್ಡದು ಮಾಡಿ, ಸದ್ದು ಏಳುವ ಅಂಚಿನಲ್ಲೇ ಕತ್ತರಿಸಿ. ಅಲೆಯ ಗೆರೆ ನಡುಗೆರೆಯನ್ನು ದಾಟುವ ಬಿಂದುವಿನಲ್ಲಿ ಕತ್ತರಿಸಿದರೆ 'ಟಿಕ್' ಅನ್ನುವ ಸದ್ದು ಬರೋದಿಲ್ಲ. ಬಂದರೂ ಎರಡು ತುದಿಗೆ ಐದು ಮಿಲಿಸೆಕೆಂಡಿನ ಫೇಡ್ (ಸದ್ದು ಮೆಲ್ಲಗೆ ಏರುವ, ಇಳಿಯುವ ಹಾಗೆ) ಹಾಕಿ, ಹೋಗುತ್ತೆ.

ಉದ್ದ ಸರಿ ಇದೆಯಾ ಅಂತ ನೋಡಲು ಲೆಕ್ಕ ಸುಲಭ. 60ನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ) ಭಾಗಿಸಿದರೆ ಒಂದು ಬೀಟ್, ಅಂದರೆ ತಾಳದ ಒಂದು ಎಣಿಕೆ, ಎಷ್ಟು ಸೆಕೆಂಡು ಅಂತ ಸಿಗುತ್ತೆ. 90 ಬಿಪಿಎಂ ಆದರೆ 0.667 ಸೆಕೆಂಡು. ನಾಲ್ಕು ಬೀಟಿನ ಒಂದು ಬಾರ್ ಸುಮಾರು 2.67 ಸೆಕೆಂಡು, ನಾಲ್ಕು ಬಾರ್ ಲೂಪ್ ಸುಮಾರು 10.67. ಆದರೆ ಹಳೆಯ ರೆಕಾರ್ಡಿನಲ್ಲಿ ನುಡಿಸಿದವರು ಮನುಷ್ಯರು, ಮೆಟ್ರೋನೋಮ್ ಇಟ್ಟುಕೊಂಡು ನುಡಿಸಿದ್ದಲ್ಲ. ಲೆಕ್ಕಕ್ಕೂ ಕಿವಿಗೂ ಜಗಳ ಬಂದರೆ ಕಿವಿಯ ಮಾತೇ ಕೇಳಿ.

ನನ್ನ ಮೊದಲ ಲೂಪ್ ಕುಂಟುತ್ತಿತ್ತು. ಪ್ರತಿ ಸುತ್ತಿಗೂ ಯಾರೋ ಮೆಟ್ಟಿಲು ತಪ್ಪಿದ ಹಾಗೆ. ಡ್ರಮ್ ಬದಲಿಸಿದೆ, ಬೇಸ್ ಬದಲಿಸಿದೆ, ಟೆಂಪೋ ಬದಲಿಸಿದೆ, ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಲೂಪಿನ ಕೊನೆಯಲ್ಲಿ ಕಣ್ಣಿಗೂ ಕಾಣದಷ್ಟು ಖಾಲಿ ಸದ್ದು ಸೇರಿಕೊಂಡಿತ್ತು, 30 ಮಿಲಿಸೆಕೆಂಡೋ ಏನೋ. ಅದನ್ನು ತೆಗೆದ ಕೂಡಲೇ ತಲೆ ತಾನಾಗಿ ಅಲ್ಲಾಡಿತು. ಅದೇ ಪರೀಕ್ಷೆ: ಲೂಪ್ ಹಾಕಿ ಐದು ನಿಮಿಷ ಬಿಡಿ, ಎಲ್ಲಿ ಸೇರುತ್ತೆ ಅಂತ ಮರೆತುಹೋದರೆ ಸರಿಯಾಗಿದೆ ಅಂತ ಅರ್ಥ.

ಹೆಜ್ಜೆ 5: ವೇಗ ಮತ್ತು ಪಿಚ್

ಇ-ಮು ಕಂಪನಿಯ ಎಸ್‌ಪಿ-1200 ಎಂಬ ಸ್ಯಾಂಪಲ್ ಮಾಡುವ ಮಷೀನು 1987ರಲ್ಲಿ ಬಂತು. 12 ಬಿಟ್ (ಈಗಿನ ಲೆಕ್ಕಕ್ಕೆ ಕಡಿಮೆ ಗುಣಮಟ್ಟ), ಒಟ್ಟು ಸುಮಾರು ಹತ್ತು ಸೆಕೆಂಡಿನ ಜಾಗ, ಅದರಲ್ಲೂ ಒಂದು ಸ್ಯಾಂಪಲ್ ಎರಡೂವರೆ ಸೆಕೆಂಡು ಮೀರುವಂತಿಲ್ಲ. ಇಷ್ಟರಲ್ಲಿ ಏನು ಮಾಡೋದು? ಜನ ಕಂಡುಕೊಂಡ ದಾರಿ ನೋಡಿ. ನಿಮಿಷಕ್ಕೆ 33 ಸುತ್ತಿನ ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ ಬೇಗ ಬೇಗ ತುಂಬಿಕೊಳ್ಳೋದು, ಆಮೇಲೆ ಮಷೀನಿನೊಳಗೆ ಪಿಚ್ ಇಳಿಸಿ ಮೂಲ ವೇಗಕ್ಕೆ ತರೋದು. ಎರಡೂವರೆ ಸೆಕೆಂಡಿನ ಜಾಗದಲ್ಲಿ ಸುಮಾರು 3.4 ಸೆಕೆಂಡಿನ ಸಂಗೀತ! ಹೀಗೆ ಹಿಗ್ಗಿಸಿದಾಗ ಸದ್ದಿಗೆ ಒಂದು ಮರಳು ಮರಳಾದ ಒರಟುತನ ಬಂತು. ಜಾಗ ಉಳಿಸಲು ಮಾಡಿದ ಕಸರತ್ತು ಒಂದು ಕಾಲದ ನ್ಯೂಯಾರ್ಕ್ ಸದ್ದೇ ಆಗಿಹೋಯಿತು. ಈಗ ಬೇಕಾದಷ್ಟು ಜಾಗ ಇರುವವರು ಆ ಒರಟುತನ ತರೋದಕ್ಕೆ ದುಡ್ಡು ಕೊಟ್ಟು ಪ್ಲಗಿನ್ (ಸಾಫ್ಟ್‌ವೇರಿಗೆ ಸೇರಿಸುವ ಉಪಕರಣ) ಕೊಳ್ಳುತ್ತಾರೆ, ನಗು ಬರುತ್ತೆ.

ನೀವು ಮಾಡಬೇಕಾದ್ದು: ವೇಗ ಮತ್ತು ಪಿಚ್ ಒಟ್ಟಿಗೆ ಬದಲಾಗುವ ಹಳೆಯ ವಿಧಾನವನ್ನೇ ಮೊದಲು ಕಲಿಯಿರಿ. ಒಂದು ಸೆಮಿಟೋನ್ (ಪಿಯಾನೋದಲ್ಲಿ ಪಕ್ಕದ ಕೀಲಿಯಷ್ಟು ಅಂತರ) ಇಳಿಸಿದರೆ ವೇಗ ಸುಮಾರು ಶೇ. 5.6ರಷ್ಟು ಇಳಿಯುತ್ತೆ, ಏರಿಸಿದರೆ ಶೇ. 5.9ರಷ್ಟು ಏರುತ್ತೆ. 100 ಬಿಪಿಎಂ ಲೂಪನ್ನು ಎರಡು ಸೆಮಿಟೋನ್ ಇಳಿಸಿದರೆ 89ಕ್ಕೆ ಬಂದು ನಿಲ್ಲುತ್ತೆ. ಇಳಿಸಿದರೆ ಸದ್ದು ಭಾರವಾಗಿ, ಕತ್ತಲಾಗಿ ಕೇಳುತ್ತೆ. ಏರಿಸಿದರೆ ಹಗುರ, ಸ್ವಲ್ಪ ಹುಡುಗಾಟ. ಒಂದೇ ತುಣುಕನ್ನು ಮೂರು ಇಳಿಸಿ, ಮೂರು ಏರಿಸಿ ಕೇಳಿ, ಎರಡು ಬೇರೆ ಹಾಡು ಸಿಕ್ಕ ಹಾಗಾಗುತ್ತೆ. ಪಿಚ್ ಹಾಗೇ ಇಟ್ಟು ವೇಗ ಮಾತ್ರ ಬದಲಿಸುವ ಟೈಮ್-ಸ್ಟ್ರೆಚ್ ಸೌಲಭ್ಯವೂ ಇದೆ, ಆದರೆ ಜಾಸ್ತಿ ಎಳೆದರೆ ಸದ್ದು ಕಲಸಿಹೋಗುತ್ತೆ.

ಹೆಜ್ಜೆ 6: ಚಾಪ್ ಮಾಡಿ, ತಲೆಕೆಳಗು ಮಾಡಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಅಕಾಯ್ ಕಂಪನಿ 1988ರಲ್ಲಿ ಎಂಪಿಸಿ-60 ತಂದಿತು, ವಿನ್ಯಾಸ ರೋಜರ್ ಲಿನ್ ಅವರದು. ಅದರಲ್ಲಿ ನಾಲ್ಕು ಸಾಲು ನಾಲ್ಕು ಕಂಬ, 16 ರಬ್ಬರ್ ಪ್ಯಾಡು. ಒಂದೊಂದು ಪ್ಯಾಡಿಗೆ ಒಂದೊಂದು ಚೂರು. ಬೆರಳಲ್ಲಿ ಬಾರಿಸಿದರೆ ಹಳೆಯ ರೆಕಾರ್ಡ್ ನಿಮ್ಮ ಕೈಯ ವಾದ್ಯ. ಡಿಜೆ ಶ್ಯಾಡೋ 1996ರಲ್ಲಿ ಸ್ಯಾಂಪಲ್‌ಗಳಿಂದಲೇ ಒಂದು ಇಡೀ ಆಲ್ಬಂ ಕಟ್ಟಿದ್ದು ಇದೇ ಮಷೀನಿನಲ್ಲಿ.

ನಾಲ್ಕು ಬಾರಿನ ತುಣುಕು ತಗೊಳ್ಳಿ. ಎಲ್ಲೆಲ್ಲಿ ಹೊಸ ಏಟು ಅಥವಾ ಹೊಸ ಸ್ವರ ಏಳುತ್ತೋ ಅಲ್ಲಲ್ಲಿ ಕತ್ತರಿಸಿ. ಎಂಟು ಚೂರು ಸಾಕು, ಹದಿನಾರು ಮೊದಮೊದಲು ಜಾಸ್ತಿ. ಈಗ ಕಡ್ಡಾಯವಾಗಿ ಒಂದು ನಿಯಮ: ಮೂಲದ ಕ್ರಮದಲ್ಲಿ ನುಡಿಸಬಾರದು. ಐದನೆಯ ಚೂರಿನಿಂದ ಶುರು ಮಾಡಿ. ಮೂರನೆಯದನ್ನು ಎರಡು ಸಲ ಬಾರಿಸಿ, ಎರಡನೆಯ ಸಲ ಅರ್ಧಕ್ಕೇ ತಡೆದುಬಿಡಿ. ಒಂದು ಚೂರನ್ನು ಹಾಗೇ ಬಿಟ್ಟು ಅದರ ಬಾಲ ಪೂರ್ತಿ ಮುಗಿಯುವ ತನಕ ಕಾಯಿರಿ. ಪ್ರೊಡ್ಯೂಸರ್ ಡಿಜೆ ಪ್ರೀಮಿಯರ್ ಬೀಟುಗಳನ್ನು ಕೇಳಿದರೆ ಇದು ಗೊತ್ತಾಗುತ್ತೆ, ಚೂರಿಗೂ ಚೂರಿಗೂ ನಡುವಿನ ಮೌನವನ್ನೂ ಅವರು ನುಡಿಸುತ್ತಾರೆ. ಮೊದಲ ಅರ್ಧ ಗಂಟೆ ಬರೀ ಗಲಾಟೆ. ಆಮೇಲೆ ಬೆರಳು ತಾನಾಗಿ ಒಂದು ಕಡೆಗೆ ಹೋಗುತ್ತೆ, ಅಲ್ಲಿ ಒಂದು ಹೊಸ ರಾಗ ಇಣುಕುತ್ತೆ. ರೆಕಾರ್ಡ್ ಬಟನ್ ಒತ್ತಿಯೇ ಇಟ್ಟಿರಿ, ಯಾಕಂದರೆ ಅದು ಎರಡನೆಯ ಸಲ ಬರೋದು ಅನುಮಾನ.

ಪ್ರೊಡ್ಯೂಸರ್ ಜೆ ಡಿಲ್ಲಾ ಮಾತು ಎತ್ತದೆ ಈ ಹೆಜ್ಜೆ ಮುಗಿಯೋಲ್ಲ. ಸಾಫ್ಟ್‌ವೇರಿನಲ್ಲಿ ಕ್ವಾಂಟೈಜ್ ಅಂತ ಒಂದು ಗುಂಡಿ ಇರುತ್ತೆ, ನೀವು ಬಾರಿಸಿದ್ದನ್ನೆಲ್ಲ ಗೆರೆಗೆ ಸರಿಯಾಗಿ ಎಳೆದು ನಿಲ್ಲಿಸುತ್ತೆ. ಡಿಲ್ಲಾ ಎಷ್ಟೋ ಕಡೆ ಅದನ್ನು ಮುಟ್ಟಲೇ ಇಲ್ಲ. ಸ್ನೇರ್ ಒಂದು ಕೂದಲೆಳೆ ಬೇಗ, ಕಿಕ್ ಒಂಚೂರು ತಡ, ಹೈ-ಹ್ಯಾಟ್ (ಡ್ರಮ್ ಜೊತೆಗಿನ ಜೋಡಿ ತಟ್ಟೆ) ತನ್ನ ಪಾಡಿಗೆ ತಾನು. ಕುಡಿದವನು ಬೀಳದೆ ನಡೆದ ಹಾಗೆ. ಅವರ 'ಡೋನಟ್ಸ್' ಆಲ್ಬಂ ಬಂದದ್ದು 2006ರ ಫೆಬ್ರವರಿ 7ರಂದು, ಅವರ 32ನೆಯ ಹುಟ್ಟುಹಬ್ಬದ ದಿನ. ಮೂರು ದಿನಕ್ಕೆ ತೀರಿಕೊಂಡರು. ಅದರಲ್ಲಿ 31 ತುಣುಕುಗಳಿವೆ, ಹೆಚ್ಚಿನವು ಎರಡು ನಿಮಿಷ ಮುಟ್ಟೋದಿಲ್ಲ. ಅವರು ಬಳಸುತ್ತಿದ್ದ ಎಂಪಿಸಿ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಯ ಆಫ್ರಿಕನ್ ಅಮೆರಿಕನ್ ಇತಿಹಾಸದ ಮ್ಯೂಸಿಯಂನಲ್ಲಿದೆ. ಅಂದಹಾಗೆ, ಕ್ವಾಂಟೈಜ್ ಬಿಟ್ಟ ಮಾತ್ರಕ್ಕೆ ಡಿಲ್ಲಾ ಆಗಲ್ಲ. ನನ್ನದು ಬರೀ ತಾಳ ತಪ್ಪಿದ ಹಾಗೆ ಕೇಳಿಸಿತು. ಮೊದಲು ಗೆರೆಯ ಮೇಲೆ ಬಾರಿಸಲು ಬರಬೇಕು.

ಹೆಜ್ಜೆ 7: ಡ್ರಮ್ ಮತ್ತು ಬೇಸ್‌ಗೆ ಜಾಗ

ಸ್ಯಾಂಪಲಿನೊಳಗೆ ಈಗಾಗಲೇ ಒಂದು ಬೇಸ್, ಒಂದು ಕಿಕ್ ಇರುತ್ತೆ. ಅದರ ಮೇಲೆ ನಿಮ್ಮದನ್ನೂ ಹಾಕಿದರೆ ಕೆಳಗಿನ ಸದ್ದೆಲ್ಲ ಕೆಸರು. ಪರಿಹಾರ ಸರಳ. ಸ್ಯಾಂಪಲಿಗೆ ಹೈ-ಪಾಸ್ ಫಿಲ್ಟರ್ ಹಾಕಿ 120 ಹರ್ಟ್ಜ್ ಆಸುಪಾಸಿನಿಂದ ಕೆಳಗಿನದ್ದನ್ನು ತೆಗೆಯಿರಿ, ಆ ಖಾಲಿ ಜಾಗದಲ್ಲಿ ನಿಮ್ಮ ಕಿಕ್ ಕೂರಿಸಿ. ಇದನ್ನೇ ತಿರುವು ಮಾಡಿದರೆ ಇನ್ನೊಂದು ಮಜಾ: ಅದೇ ಸ್ಯಾಂಪಲಿನ ಇನ್ನೊಂದು ಪ್ರತಿಗೆ ಲೋ-ಪಾಸ್ ಹಾಕಿ 200 ಹರ್ಟ್ಜ್ ಮೇಲಿನದ್ದನ್ನೆಲ್ಲ ಮುಚ್ಚಿ. ಹಳೆಯ ಹಾಡಿನ ಬೇಸ್ ಮಾತ್ರ ಪಕ್ಕದ ಮನೆಯ ಗೋಡೆಯಾಚೆಯಿಂದ ಕೇಳಿದ ಹಾಗೆ ಗುಂಯ್ ಅನ್ನುತ್ತೆ. 1990ರ ದಶಕದ ಶುರುವಿನ ಎಷ್ಟೋ ಬೀಟುಗಳ ಬೇಸ್ ಇದೇ.

ಡ್ರಮ್‌ಗೆ ಬ್ರೇಕಿನಿಂದ ಒಂದೊಂದೇ ಏಟು ಬಿಡಿಸಿಕೊಳ್ಳಿ: ಒಂದು ಕಿಕ್, ಒಂದು ಸ್ನೇರ್, ಒಂದು ಹ್ಯಾಟ್. 1980ರ ದಶಕದ ನಡುವಿನಲ್ಲಿ ಪ್ರೊಡ್ಯೂಸರ್ ಮಾರ್ಲಿ ಮಾರ್ಲ್ ಹೀಗೆ ಮಾಡಬಹುದು ಅಂತ ಕಂಡುಕೊಂಡ ಮೇಲೆ ಡ್ರಮ್ ಮಷೀನಿನ ಸಪ್ಪೆ ಸದ್ದಿನ ಹಂಗೇ ಹೋಯಿತು. ಸ್ವಿಂಗ್ ಗುಂಡಿ (ಏಟುಗಳನ್ನು ಒಂದು ಬಿಟ್ಟು ಒಂದು ಸ್ವಲ್ಪ ತಡ ಮಾಡೋದು) ಇದ್ದರೆ 54ರಿಂದ 58ರ ನಡುವೆ ಇಟ್ಟು ನೋಡಿ. 50 ಅಂದರೆ ಪೂರ್ತಿ ನೇರ, 66 ಅಂದರೆ ಮೂರರ ನಡೆಗೆ ಹತ್ತಿರ.

ಸ್ಯಾಂಪಲ್, ಡ್ರಮ್, ಬೇಸ್ ಅಂತ ಮೂರು ಸದ್ದಾದ ಮೇಲೆ ನಿಲ್ಲಿಸಿ. ನಿಜವಾಗಿ ಹೇಳ್ತಿದೀನಿ, ನಿಲ್ಲಿಸಿ. ಮೇಲೆ ಒಬ್ಬರು ಮಾತಾಡಬೇಕಿದೆ, ಅವರಿಗೂ ಜಾಗ ಬೇಕಲ್ವಾ?

ಹೆಜ್ಜೆ 8: ರೀಮಿಕ್ಸ್

ಇಲ್ಲಿವರೆಗೆ ಹಳೆಯ ವಾದ್ಯ, ಹೊಸ ಮಾತು. ರೀಮಿಕ್ಸ್ ಇದರ ತಿರುವು: ಮಾತು ಅದೇ, ಕೆಳಗಿನ ನೆಲ ಹೊಸದು. ಜಮೈಕಾದ ಕಿಂಗ್ ಟಬ್ಬಿಯಂಥವರು ಹಾಡಿನಿಂದ ದನಿ ತೆಗೆದು, ಡ್ರಮ್ ಬೇಸ್ ಉಳಿಸಿ, ಎಕೋ ತುಂಬಿ ಡಬ್ ಎಂಬ ಬಗೆಯ ಸಂಗೀತ ಮಾಡುತ್ತಿದ್ದಾಗಲೇ ಈ ಯೋಚನೆ ಹುಟ್ಟಿತ್ತು. ಹಿಪ್-ಹಾಪ್‌ನಲ್ಲಿ ನನಗೆ ಮಾದರಿ ಅಂದರೆ ಪಬ್ಲಿಕ್ ಎನಿಮಿ ತಂಡದ 'ಶಟ್ ಎಮ್ ಡೌನ್'ಗೆ ಪೀಟ್ ರಾಕ್ ಮಾಡಿದ ರೀಮಿಕ್ಸ್. ಅದು ಒಮ್ಮೆ ತಲೆಯಲ್ಲಿ ಕೂತ ಮೇಲೆ ಮೂಲವೇ ರೀಮಿಕ್ಸ್ ಥರ ಕೇಳಿಸಲು ಶುರುವಾಯಿತು.

ಬೇಕಾದ್ದು ಅಕಪೆಲ್ಲ, ಅಂದರೆ ಬರೀ ದನಿ ಇರುವ ಆವೃತ್ತಿ. ಮೊದಲು ಅದರ ಬಿಪಿಎಂ ಪತ್ತೆಮಾಡಿ. ದನಿ 94ರಲ್ಲಿದ್ದು ನಿಮ್ಮ ಬೀಟ್ 90 ಆಗಿದ್ದರೆ ದನಿಯನ್ನು ಎಳೆಯುವ ಬದಲು ಬೀಟನ್ನೇ 94ಕ್ಕೆ ಏರಿಸಿ, ದನಿ ಹಾಳಾಗೋದು ಬೇಗ ಗೊತ್ತಾಗುತ್ತೆ. ಎರಡನೆಯದು, ದನಿಯನ್ನು ಮೊದಲ ಪದದಿಂದ ಗೆರೆಗೆ ಕೂರಿಸಬೇಡಿ. ರ‍್ಯಾಪರ್‌ಗಳು ಎಷ್ಟೋ ಸಲ 'ಒಂದು' ಬರುವ ಮುಂಚೆಯೇ ಒಂದೆರಡು ಪದ ಹೇಳಿಬಿಟ್ಟಿರುತ್ತಾರೆ. ಸಾಲಿನ ಕೊನೆಯ ಪ್ರಾಸ ಎಲ್ಲಿ ಬೀಳುತ್ತೆ ನೋಡಿ. ಅದು ಹೆಚ್ಚಾಗಿ ನಾಲ್ಕನೆಯ ಬೀಟಿನ ಮೇಲಿರುತ್ತೆ, ಅದನ್ನು ಹಿಡಿದು ಜೋಡಿಸಿದರೆ ಉಳಿದದ್ದು ತಾನಾಗಿ ಕೂರುತ್ತೆ. ರ‍್ಯಾಪ್ ಮಾತಿಗೆ ಶ್ರುತಿಯ ತಕರಾರು ಕಡಿಮೆ, ಆದರೆ ಹಾಡುವ ಪಲ್ಲವಿ ಇದ್ದರೆ ನಿಮ್ಮ ಸ್ಯಾಂಪಲಿನ ಶ್ರುತಿಯನ್ನು ಅದಕ್ಕೆ ಹೊಂದಿಸಲೇಬೇಕು.

ಮೂಲಕ್ಕಿಂತ ಜೋರು ಮಾಡೋದು ರೀಮಿಕ್ಸ್ ಅಲ್ಲ. ಕೋಪದ ಹಾಡಿನ ಕೆಳಗೆ ದುಃಖದ ಪಿಯಾನೋ ಇಟ್ಟು ನೋಡಿ. ಅದೇ ಸಾಲುಗಳಿಗೆ ಬೇರೆ ಅರ್ಥ ಬರುತ್ತೆ.

ಹೆಜ್ಜೆ 9: ಒಪ್ಪಿಗೆ, ಹಣ, ಋಣ

ಮನೆಯಲ್ಲಿ ಕೂತು ಕಲಿಯುವಾಗ ನಿಮ್ಮನ್ನು ಕೇಳೋರು ಇಲ್ಲ. ಹೊರಗೆ ಬಿಡುತ್ತೀರಿ ಅಂದರೆ ಕಥೆ ಬೇರೆ. ಒಂದು ಸ್ಯಾಂಪಲಿಗೆ ಎರಡು ಒಪ್ಪಿಗೆ ಬೇಕು. ರೆಕಾರ್ಡಿಂಗಿನ ಮಾಲೀಕರದ್ದೊಂದು, ಹಾಡು ಬರೆದವರದ್ದು ಇನ್ನೊಂದು. ಮತ್ತೆ ನುಡಿಸಿಕೊಂಡರೆ ಮೊದಲನೆಯದು ತಪ್ಪುತ್ತೆ, ಎರಡನೆಯದು ಬೇಕೇ ಬೇಕು.

1991ರಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ಒಪ್ಪಿಗೆ ಇಲ್ಲದೆ ಗಾಯಕ ಗಿಲ್ಬರ್ಟ್ ಓ'ಸಲಿವನ್ ಹಾಡು ಬಳಸಿದ ಪ್ರಕರಣದಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು 'ಕದಿಯಬೇಡ' ಎಂಬ ಬೈಬಲ್ಲಿನ ಆಜ್ಞೆಯಿಂದಲೇ ತೀರ್ಪು ಶುರು ಮಾಡಿದರು. ಅಲ್ಲಿಗೆ ಒಂದು ಹಾಡಿನಲ್ಲಿ ಹತ್ತಿಪ್ಪತ್ತು ಸ್ಯಾಂಪಲ್ ಪೇರಿಸುವ ಕಾಲ ಮುಗಿಯಿತು. 2005ರಲ್ಲಿ ಅಮೆರಿಕದ ಒಂದು ಮೇಲ್ಮನವಿ ಕೋರ್ಟ್, ಎರಡೇ ಸೆಕೆಂಡಿನ ಗಿಟಾರ್ ತುಣುಕಿನ ವಿಷಯದಲ್ಲಿ, ಪರವಾನಗಿ ಇಲ್ಲದಿದ್ದರೆ ಸ್ಯಾಂಪಲ್ ಮಾಡಲೇಬೇಡಿ ಎಂದಿತು. 2016ರಲ್ಲಿ ಮತ್ತೊಂದು ಕೋರ್ಟ್ 0.23 ಸೆಕೆಂಡಿನ ಕಹಳೆ ಸದ್ದಿಗೆ ಅಷ್ಟೆಲ್ಲ ಬೇಡ ಎಂದು ಅದನ್ನು ಒಪ್ಪಲಿಲ್ಲ. ಅಮೆರಿಕದಲ್ಲೇ ಹೀಗೆ ಎರಡು ಮಾತಿದೆ, ಹಾಗಾಗಿ 'ಇಷ್ಟು ಸೆಕೆಂಡಿನೊಳಗೆ ಇದ್ದರೆ ಪರವಾಗಿಲ್ಲ' ಅನ್ನುವ ಪುಕ್ಕಟೆ ಸಲಹೆ ನಂಬಬೇಡಿ. ಡಿ ಲಾ ಸೋಲ್ ತಂಡದ 1989ರ ಮೊದಲ ಆಲ್ಬಂ ಸ್ಟ್ರೀಮಿಂಗ್‌ಗೆ ಬಂದದ್ದು 2023ರ ಮಾರ್ಚ್‌ನಲ್ಲಿ. ಅಷ್ಟು ವರ್ಷ ತಡವಾಗಲು ಸ್ಯಾಂಪಲ್‌ಗಳ ಕಾಗದಪತ್ರವೂ ಒಂದು ಕಾರಣ. ತಂಡದ ಟ್ರೂಗಾಯ್ ಅದಕ್ಕೆ ಕೆಲವೇ ವಾರ ಮುಂಚೆ ತೀರಿಕೊಂಡಿದ್ದರು.

ಅಭಿಮಾನಿಯಾಗಿ ನನಗೆ ಚುಚ್ಚುವ ಸಂಗತಿ ಬೇರೆ. ಕ್ಲೈಡ್ ಸ್ಟಬಲ್‌ಫೀಲ್ಡ್‌ಗೆ ತಾವೇ ನುಡಿಸಿದ 'ಫಂಕಿ ಡ್ರಮ್ಮರ್' ಬ್ರೇಕಿನ ಮೇಲೆ ಹಕ್ಕೇ ಇರಲಿಲ್ಲ. 'ಅಮೆನ್, ಬ್ರದರ್' ನುಡಿಸಿದ ಗ್ರೆಗರಿ ಕೋಲ್‌ಮನ್ 2006ರಲ್ಲಿ ಮನೆಮಠ ಇಲ್ಲದ ಸ್ಥಿತಿಯಲ್ಲಿ ಸತ್ತರು. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ವಿನ್‌ಸ್ಟನ್ಸ್ ತಂಡದ ರಿಚರ್ಡ್ ಸ್ಪೆನ್ಸರ್‌ಗೆ ಸುಮಾರು 24,000 ಪೌಂಡ್ ಕೊಟ್ಟರು. ಆ ಏಳು ಸೆಕೆಂಡು ನುಡಿಸಿದವರಿಗೆ ಅದು ಮುಟ್ಟಲಿಲ್ಲ. ಸ್ಯಾಂಪ್ಲಿಂಗ್ ಬರೀ ಕಳ್ಳತನ ಅನ್ನುವವರ ಜೊತೆ ನಾನು ಜಗಳ ಆಡ್ತೀನಿ, ಆದರೆ ಈ ಇಬ್ಬರು ಡ್ರಮ್ಮರ್‌ಗಳ ಹೆಸರು ಬಂದಾಗ ನನ್ನ ದನಿ ಸ್ವಲ್ಪ ಇಳಿಯುತ್ತೆ.

ಫೈಲಿಗೆ ಹೆಸರಿಡುವಾಗ

ಕೊನೆಯದಾಗಿ ಒಂದು ಸಣ್ಣ ಕೆಲಸ, ಯಾರೂ ಹೇಳಿಕೊಡೋದಿಲ್ಲ. ಪ್ರತಿ ಸ್ಯಾಂಪಲನ್ನು ಉಳಿಸುವಾಗ ಫೈಲಿನ ಹೆಸರಿನಲ್ಲೇ ಬರೆಯಿರಿ: ಯಾರ ಹಾಡು, ಯಾವ ವರ್ಷ, ಎಷ್ಟನೆಯ ನಿಮಿಷ ಎಷ್ಟನೆಯ ಸೆಕೆಂಡು, ಎಷ್ಟು ಸೆಮಿಟೋನ್ ಏರಿಸಿದ್ದು ಅಥವಾ ಇಳಿಸಿದ್ದು. ವಾದ್ಯ ನುಡಿಸಿದವರ ಹೆಸರು ಸಿಕ್ಕರೆ ಅದೂ ಇರಲಿ. ನಾನು ಮೊದಲ ವರ್ಷ ಎಲ್ಲದಕ್ಕೂ 'ಹೊಸದು 2', 'ಹೊಸದು ಫೈನಲ್', 'ಫೈನಲ್ ಇದೇ' ಅಂತ ಹೆಸರಿಟ್ಟಿದ್ದೆ. ಅದರಲ್ಲೊಂದು ಬೀಟ್ ಇವತ್ತಿಗೂ ನಾನು ಮಾಡಿದ್ದರಲ್ಲೇ ಚೆನ್ನಾಗಿರುವುದು. ಎರಡೇ ಸ್ವರದ ಒಂದು ಕಹಳೆ, ಹಿಂದೆ ಯಾರೋ ಕೆಮ್ಮಿದ ಸದ್ದು. ಯಾವ ರೆಕಾರ್ಡಿನಿಂದ ಎತ್ತಿದೆ ಅಂತ ಗೊತ್ತಿಲ್ಲ. ಹಳೆಯ ಹಾಡು ಕೇಳುವಾಗಲೆಲ್ಲ ಈಗಲೂ ಆ ಕೆಮ್ಮು ಹುಡುಕ್ತಾ ಇರ್ತೀನಿ.